ಐದು ನಿಮಿಷ ಮೀರಿದ ಸೆಳೆತ

‘ಲಕ್ವ ಹೊಡೆದವರಿಗೆ ಫಿಟ್ಸ್ ಬಂತೆಂದರೆ ಮುಗಿಯಿತು, ಮನೆಗೆ ಕರೆದುಕೊಂಡು ಹೋಗುವುದೇ ಮೇಲು’ ಎಂಬ ಮಾತನ್ನು ಆಸ್ಪತ್ರೆಯ ವರಾಂಡಗಳಲ್ಲಿ ನಾನು ಎಷ್ಟೋ ಬಾರಿ ಕೇಳಿದ್ದೇನೆ. ನರರೋಗಗಳ ಚಿಕಿತ್ಸೆಯಲ್ಲಿ ತೊಡಗಿರುವ ನನಗೆ ಇದರಲ್ಲಿ ಅರ್ಧ ಸತ್ಯವಷ್ಟೇ ಕಾಣುತ್ತದೆ. ಉಳಿದರ್ಧವನ್ನು ಹೇಳದೇ ಹೋದರೆ ಉಳಿಸಬಹುದಾದ ಜೀವಗಳೂ ಕೈತಪ್ಪುತ್ತವೆ.

ಪಾರ್ಶ್ವವಾಯುವಿನಿಂದ ಮಿದುಳಿನ ಹೊರಪದರಕ್ಕೆ ಧಕ್ಕೆಯಾದಾಗ, ಅದರಲ್ಲೂ ರಕ್ತಸ್ರಾವವಾದಾಗ, ಕೆಲವರಲ್ಲಿ ಸೆಳೆತ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ನಿಲ್ಲದೆ ಮುಂದುವರಿದರೆ, ಅಥವಾ ಪ್ರಜ್ಞೆ ಮರಳುವ ಮೊದಲೇ ಮರುಕಳಿಸಿದರೆ ಅದು ‘ಸ್ಟೇಟಸ್ ಎಪಿಲೆಪ್ಟಿಕಸ್’. ಹಿಂದೆ ಇದಕ್ಕೆ 30 ನಿಮಿಷಗಳ ಗಡಿಯಿತ್ತು. ಅಪಸ್ಮಾರದ ವಿರುದ್ಧದ ಅಂತರರಾಷ್ಟ್ರೀಯ ಒಕ್ಕೂಟವು 2015ರಲ್ಲಿ, ಕೈಕಾಲು ಬಡಿಯುವ ಸೆಳೆತಕ್ಕೆ ಎರಡು ಗಡಿಗಳನ್ನು ಗುರುತಿಸಿತು: 5 ನಿಮಿಷ ಮೀರಿದರೆ ಚಿಕಿತ್ಸೆ ಆರಂಭವಾಗಬೇಕು, 30 ನಿಮಿಷ ಮೀರಿದರೆ ಮಿದುಳಿಗೆ ಶಾಶ್ವತ ಹಾನಿಯ ಅಪಾಯವಿದೆ.

ಪರಿಣಾಮ ಕಠೋರವಾದುದೆಂಬುದನ್ನು ಮುಚ್ಚಿಡಲಾಗದು. ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ 4,500ಕ್ಕೂ ಹೆಚ್ಚು ಮಂದಿಯ ಅಧ್ಯಯನವೊಂದು 2023ರಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಪ್ರಕಟವಾಯಿತು. ಮೊದಲ ವಾರದಲ್ಲೇ ದೀರ್ಘ ಸೆಳೆತಕ್ಕೆ ಒಳಗಾದವರಲ್ಲಿ ಹತ್ತು ವರ್ಷಗಳ ಮರಣ ಪ್ರಮಾಣ ಶೇ 79. ಅಲ್ಪಾವಧಿಯ ಸೆಳೆತ ಕಂಡವರಲ್ಲಿ ಶೇ 30. ಬದುಕುಳಿದವರಿಗೆ ಮುಂದೆ ಅಪಸ್ಮಾರ ಅಂಟಿಕೊಳ್ಳುವ ಸಂಭವ ಕ್ರಮವಾಗಿ ಶೇ 81 ಮತ್ತು ಶೇ 40. ದೀರ್ಘ ಸೆಳೆತಕ್ಕೆ ಒಳಗಾದವರ ಸಂಖ್ಯೆ ಆ ಅಧ್ಯಯನದಲ್ಲಿ ಕಡಿಮೆಯಿತ್ತೆಂಬುದನ್ನೂ ನೆನಪಿಡಬೇಕು.

ಈ ಅಂಕಿಗಳ ಹಿಂದಿನ ಕಾರಣಗಳೇನು? ರೋಗಿಯ ವಯಸ್ಸು, ಮಿದುಳಿಗಾದ ಗಾಯದ ವಿಸ್ತಾರ ನಮ್ಮ ಕೈಯಲ್ಲಿಲ್ಲ. ಆದರೆ ಸೆಳೆತ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಸೆಳೆತ ಮುಂದುವರಿದಂತೆ, ಮಿಡಾಜೋಲಾಂ, ಲೋರಾಜೆಪಾಂನಂಥ ಔಷಧಿಗಳಿಗೆ ಓಗೊಡುವ ಗ್ರಾಹಕಗಳು ನರಕೋಶದ ಮೇಲ್ಮೈಯಿಂದ ಒಳಸರಿಯುತ್ತವೆ. ಮೊದಲ ನಿಮಿಷಗಳಲ್ಲಿ ಫಲಿಸುವ ಔಷಧಿ ಗಂಟೆಯ ಬಳಿಕ ಸೋಲುವುದು ಇದರಿಂದಲೇ. ಅದು ಸೋತ ಮೇಲೆ ಬಳಸುವ ಮೂರು ಪ್ರಮುಖ ಔಷಧಿಗಳನ್ನು ಹೋಲಿಸಿದ 2019ರ ಅಮೆರಿಕದ ಪ್ರಯೋಗದಲ್ಲಿ, ಪ್ರತಿಯೊಂದೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಫಲಿಸಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಕೈಕಾಲಿನ ಬಡಿತ ನಿಂತರೂ ಮಿದುಳಿನೊಳಗೆ ಸೆಳೆತ ನಡೆದೇ ಇರಬಹುದು. ರೋಗಿ ಎಚ್ಚರಗೊಳ್ಳದಿದ್ದರೆ ‘ಪಾರ್ಶ್ವವಾಯುವಿನ ಮಂಪರು’ ಎಂದು ಸುಮ್ಮನಾಗುವಂತಿಲ್ಲ. ಇಇಜಿ ಪರೀಕ್ಷೆಯೊಂದೇ ಅದನ್ನು ಪತ್ತೆಹಚ್ಚಬಲ್ಲದು.

ಮನೆಯಲ್ಲಿ ಸೆಳೆತ ಆರಂಭವಾದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ನಮ್ಮಲ್ಲಿನ್ನೂ ನಿಂತಿಲ್ಲ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಪಾರ್ಶ್ವವಾಯು ಆದವರಾದರೆ ಐದು ನಿಮಿಷ ಕಾಯದೆ ತಕ್ಷಣವೇ 108ಕ್ಕೆ ಕರೆ ಮಾಡಬೇಕು. ಬದುಕಿ ಮನೆಗೆ ಮರಳಿದವರು ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸಿದರೆ ದೀರ್ಘ ಸೆಳೆತವೇ ಮರುಕಳಿಸಬಹುದು.

ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಂಬುಲೆನ್ಸಿನಲ್ಲೂ ಮಿಡಾಜೋಲಾಂ ಮತ್ತು ಅದನ್ನು ಕೊಡಲು ತರಬೇತಾದ ಸಿಬ್ಬಂದಿ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಹಗಲಿರುಳೂ ಇಇಜಿ: ಈ ಎರಡನ್ನು ಆ ಕಾರ್ಯಕ್ರಮ ಖಾತರಿಪಡಿಸಬೇಕೆಂಬುದು ನನ್ನ ಒತ್ತಾಯ. ‘ಬದುಕುತ್ತಾರೆಯೇ ಡಾಕ್ಟ್ರೇ?’ ಎಂದು ಕೇಳುವ ಮನೆಯವರಿಗೆ ಯಾವ ವೈದ್ಯನೂ ಭರವಸೆ ಕೊಡಲಾರ. ಆದರೆ ಆ ಉತ್ತರವನ್ನು ನಿರ್ಧರಿಸುವುದು ರೋಗ ಮಾತ್ರವಾಗಿರಬೇಕು, ದಾರಿಯಲ್ಲಿ ಕಳೆದ ಗಂಟೆಗಳಾಗಬಾರದು.