ಕಲ್ಲಿನ ಕುಲ ಮತ್ತು ಬಿಲ್ಲಿನ ಹೆಸರು: ರೂಪಾಂತರ ಶಿಲೆಗಳ ಪರಿಚಯ

ಕಾಪುವಿನ ದೀಪಸ್ತಂಭವು 1901ರಲ್ಲಿ ನಿರ್ಮಾಣಗೊಂಡುದು ಕಡಲಂಚಿನ ಬಂಡೆಯ ಮೇಲೆ. ಅದೇ ಊರಿನ ಹೊಸ ಮಾರಿಗುಡಿಯು ಇಳಕಲ್ಲಿನ ಕೆಂಪು ಶಿಲೆಯಲ್ಲಿ ಪುನರ್ನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶೋತ್ಸವವನ್ನು ಕಂಡಿತು. ಸುತ್ತಲಿನ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ಹೊಸ ಮನೆಗಳ ನೆಲಕ್ಕೆ ರಾಜಸ್ಥಾನದ ಅಮೃತಶಿಲೆ. ಕಲ್ಲಿನಲ್ಲಿ ಇಷ್ಟು ಬಗೆಗಳಿದ್ದರೂ ಅಂಗಡಿಯ ಬಿಲ್ಲಿನಲ್ಲಿ ಕಾಣಿಸುವುದು ಸಾಮಾನ್ಯವಾಗಿ ಎರಡೇ ಹೆಸರು: ಗ್ರಾನೈಟ್ ಮತ್ತು ಮಾರ್ಬಲ್. ಹೊಳಪು ಬಂದ ಗಟ್ಟಿ ಕಲ್ಲೆಲ್ಲ ಗ್ರಾನೈಟ್, ನಯವಾಗಿ ತುಸು ಮೆದುವಾಗಿರುವುದೆಲ್ಲ ಮಾರ್ಬಲ್ ಎಂಬುದು ವ್ಯಾಪಾರದ ರೂಢಿ. ಭೂವಿಜ್ಞಾನದ ವರ್ಗೀಕರಣ ಬೇರೆಯೇ ಆಗಿದೆ. ಇವೆರಡರ ನಡುವಿನ ಅಂತರ ಕೆಲವೊಮ್ಮೆ ವರ್ತಕನ ಕಿಸೆಗೇ ತಟ್ಟುತ್ತದೆ.

ಕರಗಿದ ದ್ರವ್ಯವು ತಣಿದು ಗಟ್ಟಿಯಾದುದು ಅಗ್ನಿಶಿಲೆ. ಗ್ರಾನೈಟ್ ಈ ಗುಂಪಿನದು. ಹೂಳು ಪದರಪದರವಾಗಿ ಸಂಚಯಗೊಂಡು ಕಲ್ಲಾದುದು ಜಲಜಶಿಲೆ. ಶಹಾಬಾದಿನ ಹಾಸುಗಲ್ಲು, ಕಡಪ ಕಲ್ಲು ಈ ಗುಂಪಿಗೆ ಸೇರುತ್ತವೆ. ಇವೆರಡರಲ್ಲಿ ಯಾವುದೇ ಆಗಲಿ, ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಲುಕಿ, ಕರಗದೆ, ಘನಸ್ಥಿತಿಯಲ್ಲಿಯೇ ಹೊಸ ಖನಿಜಗಳನ್ನೂ ಹೊಸ ರಚನೆಯನ್ನೂ ಪಡೆದರೆ ಅದು ರೂಪಾಂತರ ಶಿಲೆ. ಮೂಲದ್ರವ್ಯವು ಬಹುಮಟ್ಟಿಗೆ ಅದೇ. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗಿದೆ ಎನ್ನಬಹುದು.

ಭೂಮಿಯೊಳಕ್ಕೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಸುಮಾರು 200 ಡಿಗ್ರಿಯ ಆಚೆಗೆ ರೂಪಾಂತರ ಆರಂಭವಾಗುತ್ತದೆ. ಶಿಲಾರಸವು ನುಗ್ಗಿದಾಗ ಅದರ ಅಕ್ಕಪಕ್ಕದ ಕಲ್ಲು ಮಾತ್ರ ಬೆಂದು ಬದಲಾಗುವುದು ಸ್ಪರ್ಶ ರೂಪಾಂತರ. ಪರ್ವತಗಳು ಏಳುವಾಗ ವಿಶಾಲ ಪ್ರದೇಶದ ಕಲ್ಲೆಲ್ಲ ಅದುಮಲ್ಪಟ್ಟು ಬದಲಾಗುವುದು ಪ್ರಾದೇಶಿಕ ರೂಪಾಂತರ. ಮುರಕಲ್ಲನ್ನು ಕೆಲವರು ಈ ಪಟ್ಟಿಗೆ ಸೇರಿಸುವುದುಂಟು, ಅದು ಸರಿಯಲ್ಲ. ಅದು ಮಳೆ ಮತ್ತು ಬಿಸಿಲಿನಿಂದ ಮೇಲ್ಮೈಯ ಕಲ್ಲು ಶಿಥಿಲಗೊಂಡು, ಕಬ್ಬಿಣದ ಅಂಶ ಉಳಿದು ಉಂಟಾದದ್ದು.

ವರ್ಗೀಕರಣದಲ್ಲಿ ಮೊದಲು ನೋಡಬೇಕಾದುದು ಕಲ್ಲಿನಲ್ಲಿ ಪದರಜೋಡಣೆ ಇದೆಯೇ ಎಂಬುದನ್ನು. ಜೇಡಿಶಿಲೆಯು ಅಲ್ಪ ಶಾಖದಲ್ಲಿ ಸ್ಲೇಟ್ ಆಗುತ್ತದೆ. ಶಾಖ ಏರಿದಂತೆ ಫಿಲೈಟ್, ಬಳಿಕ ಅಭ್ರಕ ಹೊಳೆಯುವ ಶಿಸ್ಟ್, ಕೊನೆಗೆ ಬಿಳಿ-ಕಪ್ಪು ಪಟ್ಟೆಗಳ ಗ್ನೀಸ್. ಗ್ರಾನೈಟ್ ಕೂಡ ಒತ್ತಡಕ್ಕೆ ಸಿಕ್ಕಿ ಗ್ನೀಸ್ ಆಗಬಲ್ಲುದು. ಕರಾವಳಿಯೂ ಸೇರಿದಂತೆ ಕರ್ನಾಟಕದ ಬಹುಭಾಗದ ತಳಶಿಲೆ ಇದೇ ಗ್ನೀಸ್. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಗ್ನೀಸ್ ಸುಮಾರು 300 ಕೋಟಿ ವರ್ಷ ಹಳೆಯದಾಗಿದ್ದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಪದರವಿಲ್ಲದವುಗಳಲ್ಲಿ ಮುಖ್ಯವಾದವು ಎರಡು: ಸುಣ್ಣಕಲ್ಲಿನಿಂದ ಅಮೃತಶಿಲೆ, ಮರಳುಗಲ್ಲಿನಿಂದ ಕ್ವಾರ್ಟ್ಜೈಟ್.

ಮೆಗ್ನೀಸಿಯಂ ಹೆಚ್ಚಿರುವ ಶಿಲೆಯು ರೂಪಾಂತರಗೊಂಡುದು ಬಳಪದ ಕಲ್ಲು. ಹಿಂದಿನ ತಲೆಮಾರಿನ ಮಕ್ಕಳು ಅಕ್ಷರ ಕಲಿತ ಸ್ಲೇಟು, ಬಳಪ ಎರಡೂ ರೂಪಾಂತರ ಶಿಲೆಗಳೇ. 1117ರ ಬೇಲೂರು ದೇಗುಲದ ಶಿಲ್ಪಿಗಳು ಕಲ್ಲಿನಲ್ಲಿ ಆಭರಣದ ಮಣಿಮಣಿಯನ್ನೂ ಬಿಡಿಸಲು ಸಾಧ್ಯವಾದುದು ಈ ಮೆದು ಕಲ್ಲಿನಿಂದ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಬಾಹುಬಲಿಯ ಮೂರ್ತಿ ಕಠಿನ ಗ್ರಾನೈಟಿನದು. ಅಲ್ಲಿ ಕುಸುರಿಗಿಂತ ಗಾತ್ರ ಮತ್ತು ನಯಕ್ಕೆ ಪ್ರಾಧಾನ್ಯ. ಶಿಲ್ಪಿಯ ಕೈಯನ್ನು ಕಲ್ಲೂ ಅಷ್ಟಿಷ್ಟು ನಡೆಸುತ್ತದೆ.

ವ್ಯಾಪಾರಿಯೊಬ್ಬನ ಹೆಸರಿನ ಶಿಲೆಯೂ ಉಂಟು. ಈಸ್ಟ್ ಇಂಡಿಯಾ ಕಂಪೆನಿಯ ಜಾಬ್ ಚಾರ್ನಾಕ್‌ನ ಕಲ್ಕತ್ತೆಯ ಸಮಾಧಿಗಲ್ಲನ್ನು ಪರಿಶೀಲಿಸಿದ ಥಾಮಸ್ ಹಾಲೆಂಡ್, ದಕ್ಷಿಣ ಭಾರತದಲ್ಲಿ ಹೇರಳವಾಗಿರುವ ಆ ಬಗೆಯ ಕಲ್ಲಿಗೆ ಚಾರ್ನಾಕೈಟ್ ಎಂದು ಹೆಸರಿಟ್ಟನು. ಅತ್ಯುಚ್ಚ ಶಾಖದಲ್ಲಿ ರೂಪಾಂತರಗೊಂಡ ಪ್ರದೇಶಗಳಲ್ಲಿ ಅದು ಕಾಣಸಿಗುತ್ತದೆ.

ಇನ್ನು ವ್ಯವಹಾರದ ಮಾತು. ತಮಿಳುನಾಡಿನಿಂದ ಬರುವ, ಅಲೆಯಲೆಯಾದ ಬಣ್ಣದ 'ಪ್ಯಾರಡಿಸೊ' ಗ್ರಾನೈಟ್ ಎಂದೇ ಮಾರಾಟವಾಗುತ್ತದೆ. ವಾಸ್ತವದಲ್ಲಿ ಅದು ಗ್ನೀಸಿನ ಜಾತಿಯದು. ಇದರಿಂದ ಗಿರಾಕಿಗೆ ನಷ್ಟವಿಲ್ಲ, ಏಕೆಂದರೆ ಗಟ್ಟಿತನ ಹೆಚ್ಚುಕಡಿಮೆ ಒಂದೇ. ಆದರೆ ರಾಜಸ್ಥಾನದ 'ಹಸಿರು ಮಾರ್ಬಲ್' ವಿಷಯದಲ್ಲಿ ಹಾಗಲ್ಲ. ಅದು ಸರ್ಪೆಂಟೈನ್ ಖನಿಜದ ಶಿಲೆ. ನೀರಿನಂಶದ ಗಾರೆ ಅಥವಾ ಅಂಟಿನಲ್ಲಿ ಕೂರಿಸಿದರೆ ಹಾಸು ಬಾಗುವ ಸಂಭವವುಂಟು, ಎಪಾಕ್ಸಿ ಅಂಟೇ ಬೇಕು. ನಿಜವಾದ ಅಮೃತಶಿಲೆಯಲ್ಲಿ ಸುಣ್ಣದ ಅಂಶವಿರುವುದರಿಂದ ಲಿಂಬೆ, ಹುಣಸೆಹುಳಿ ತಾಗಿದಲ್ಲಿ ಹೊಳಪು ಹೋಗುತ್ತದೆ. ಕರಾವಳಿಯ ಅಡುಗೆಮನೆಯ ಕಟ್ಟೆಗೆ ಅದನ್ನು ಒದಗಿಸುವವರು ಮೊದಲೇ ತಿಳಿಸುವುದು ಒಳಿತು. ಪರೀಕ್ಷೆ ಸರಳ: ಹಾಸಿನ ಮೂಲೆಯಲ್ಲಿ ಉಕ್ಕಿನ ಮೊನೆಯಿಂದ ಗೀರಿದರೆ ಅಮೃತಶಿಲೆಗೆ ಗೆರೆ ಬೀಳುತ್ತದೆ, ಕ್ವಾರ್ಟ್ಜೈಟ್‌ಗೆ ಬೀಳುವುದಿಲ್ಲ. ಬಳಪದ ಕಲ್ಲಿಗೆ ಉಗುರೇ ಸಾಕು.

1930ರ ಸರಕು ಮಾರಾಟ ಕಾಯಿದೆಯ 15ನೆಯ ಕಲಮಿನಂತೆ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಮಾದರಿ ತೋರಿಸಿ, ವಿವರಣೆಯನ್ನೂ ಕೊಟ್ಟು ಮಾರಿದಾಗ ಮಾದರಿಗೆ ಹೊಂದಿದರಷ್ಟೇ ಸಾಲದು. ಆದುದರಿಂದ ಕೈತುಂಡನ್ನು ತೋರಿಸಿ ಬಿಲ್ಲಿನಲ್ಲಿ 'ಮಾರ್ಬಲ್' ಎಂದು ಬರೆದವರು, ತುಂಡಿಗೆ ಮಾತ್ರವಲ್ಲದೆ ಆ ಪದಕ್ಕೂ ಬದ್ಧರಾಗಿರುತ್ತಾರೆ.

ತೆರಿಗೆಯಲ್ಲಿಯೂ ಹೆಸರಿಗೆ ಬೆಲೆಯಿತ್ತು. 2017ರಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ ಗ್ರಾನೈಟ್ ಮತ್ತು ಮಾರ್ಬಲ್ ಬ್ಲಾಕುಗಳಿಗೆ ಶೇ. 12, ಬಸಾಲ್ಟ್, ಮರಳುಗಲ್ಲು ಮುಂತಾದ ಇತರ ಕಟ್ಟಡ ಕಲ್ಲುಗಳಿಗೆ ಶೇ. 5 ಎಂದು ನಿಗದಿಯಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ಬ್ಲಾಕುಗಳೂ ಶೇ. 5ಕ್ಕೆ ಇಳಿದಿವೆ. ಹೊಳಪು ಕೊಟ್ಟ ಹಾಸುಗಳಿಗೆ ಮಾತ್ರ ಶೇ. 18 ಹಾಗೆಯೇ ಮುಂದುವರಿದಿದೆ. ಹಳೆಯ ವರ್ಷಗಳ ಲೆಕ್ಕಪತ್ರ ಪರಿಶೀಲನೆಗೆ ಬಂದಲ್ಲಿ, ಬ್ಲಾಕಿನ ಖರೀದಿ ಬಿಲ್ಲಿನಲ್ಲಿ ಯಾವ ಹೆಸರು ನಮೂದಾಗಿದೆ ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು.