ಇಮೇಲಿಗೂ ಒಂದು ಬಿಲ್ಲೆ

ಮನೆಯ ಬಾಗಿಲಿಗೆ ಬಂದ ಅಪರಿಚಿತನೊಬ್ಬನು "ನಾನು ಅಂಚೆಯ ಕಚೇರಿಯಿಂದ ಬಂದವನು, ನಿಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಕೊಡಿ" ಎಂದರೆ ಯಾವ ಗೃಹಸ್ಥರೂ ಅದನ್ನು ಕೂಡಲೆ ಕೊಟ್ಟುಬಿಡಲಾರರು. ಅವನು ಯಾರು, ಅವನನ್ನು ಕಳುಹಿಸಿದವರು ಯಾರು ಎಂದು ವಿಚಾರಿಸಿಯೇ ವಿಚಾರಿಸುವರು. ಅದೇ ಗೃಹಸ್ಥರು ಕಂಪ್ಯೂಟರಿನ ಮುಂದೆ ಕುಳಿತಿರುವಾಗ, "ಈ ಅಂಚೆಯವನ ಗುರುತು ಸರಿಯಾಗಿಲ್ಲ, ಆದರೂ ನಂಬುವಿರಾ?" ಎಂಬ ಅರ್ಥದ ಎಚ್ಚರಿಕೆಯು ತೆರೆಯ ಮೇಲೆ ಮೂಡಿದರೆ, ಓದಿಯೂ ನೋಡದೆ ಒಪ್ಪಿಗೆಯನ್ನು ಒತ್ತಿಬಿಡುವುದುಂಟು. ಅನ್ಯರನ್ನು ಆಕ್ಷೇಪಿಸುವುದಕ್ಕಾಗಿ ನಾವು ಈ ಮಾತನ್ನು ಹೇಳುತ್ತಿಲ್ಲ. ನಾವೂ ಒಮ್ಮೆ ಹಾಗೆಯೇ ಮಾಡಿದವರು.

ಕಳೆದ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದ ನೇಕಾರ ಮಿತ್ರರೊಬ್ಬರ ಮನೆಗೆ ನಾವು ಹೋಗಿದ್ದೆವು. ಆ ಊರು ರೇಷ್ಮೆಯ ಸೀರೆಗಳಿಗೂ ವಿದ್ಯುತ್ ಮಗ್ಗಗಳಿಗೂ ಹೆಸರಾದುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಹಿಂದಿನ ಕೋಣೆಯಲ್ಲಿ ಮಗ್ಗಗಳ ಸದ್ದು. ನಡುಮನೆಯ ಮೂಲೆಯಲ್ಲಿ ಬಹುಕಾಲದ ಒಂದು ಕಂಪ್ಯೂಟರ್. ಅದರೊಳಗೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಹಳೆಯದೊಂದು ಆವೃತ್ತಿ. ವ್ಯಾಪಾರಿಗಳ ಬೇಡಿಕೆ, ನೂಲಿನ ಲೆಕ್ಕ, ಹಣ ಸಂದಾಯದ ಪತ್ರ ಎಲ್ಲವೂ ಅದರಲ್ಲಿಯೇ. ಮಿತ್ರರು ನಮ್ಮನ್ನು ಕಂಡೊಡನೆ, "ಸ್ವಾಮಿ, ಮೂರು ದಿನದಿಂದ ಒಂದು ಕಾಗದವೂ ಬಂದಿಲ್ಲ. ಏನೋ ಪ್ರಮಾಣಪತ್ರ ಸರಿಯಿಲ್ಲವಂತೆ. ಒಪ್ಪಿಕೊಂಡು ಮುಂದಕ್ಕೆ ಹೋಗೋಣವೆಂದು ನಮ್ಮ ಹುಡುಗ ಹೇಳುತ್ತಾನೆ. ಒತ್ತಿಬಿಡಲೇ?" ಎಂದರು. "ತಾಳಿ, ಮೊದಲು ನೋಡೋಣ" ಎಂದೆವು.

ಹಿಂದಿನ ಕಾಲದಲ್ಲಿ ಕಚೇರಿಯ ಜವಾನರು ಹಿತ್ತಾಳೆಯ ಬಿಲ್ಲೆಯನ್ನು ಧರಿಸುತ್ತಿದ್ದರಷ್ಟೆ. ನಮ್ಮ ಪತ್ರಗಳನ್ನು ಕೂಡಿಟ್ಟುಕೊಂಡು ಬೇಕೆಂದಾಗ ಕೊಡುವ ದೂರದ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದು ತೋರಿಸುವ ಪ್ರಮಾಣಪತ್ರವೂ ಇಂತಹುದೊಂದು ಬಿಲ್ಲೆಯೇ. ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ: ಸರ್ವರಿನ ಹೆಸರು, ಬಿಲ್ಲೆಯ ಅವಧಿ, ಬಿಲ್ಲೆಯನ್ನು ಕೊಟ್ಟವರ ಸಹಿ. ಈ ಮೂರೂ ಸರಿಯೆಂದು ಕಂಡ ಬಳಿಕವೇ ಇಮೇಲ್ ತಂತ್ರಾಂಶವು ನಮ್ಮ ಗುಪ್ತಪದವನ್ನು ಒಪ್ಪಿಸತಕ್ಕದ್ದು. ಒಂದು ತಪ್ಪಿದರೂ ಅದು ನಿಂತು ಕೇಳುತ್ತದೆ. ಆದುದರಿಂದ ದೋಷವು ಈ ಮೂರರಲ್ಲಿ ಯಾವುದರದು ಎಂದು ಕಂಡುಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಮೊದಲನೆಯದು ಅವಧಿ. ಮಿತ್ರರ ಮನೆಯಲ್ಲಿ ಬ್ಯಾಂಕಿನ ಪುಟವನ್ನು ತೆರೆಯಹೋದರೆ ಅಲ್ಲಿಯೂ ಅದೇ ಆಕ್ಷೇಪಣೆ ಕಂಡಿತು. ಎಲ್ಲ ಬಾಗಿಲುಗಳಲ್ಲಿಯೂ ಒಂದೇ ತಂಟೆಯಾದರೆ ತಪ್ಪು ಹೊರಗಿನವರದಲ್ಲ, ಬಹುಮಟ್ಟಿಗೆ ನಮ್ಮ ಮನೆಯದೇ. ತೆರೆಯ ಮೂಲೆಯ ಗಡಿಯಾರವನ್ನು ನೋಡಿದೆವು; 2009ನೆಯ ಇಸವಿಯ ಜನವರಿ ಎಂದಿತ್ತು! ಕರೆಂಟು ಹೋದಾಗಲೂ ಗಡಿಯಾರವನ್ನು ನಡೆಸುವ ಸಣ್ಣ ಬಿಲ್ಲೆಯಂತಹ ಬ್ಯಾಟರಿಯೊಂದು ಕಂಪ್ಯೂಟರಿನೊಳಗೆ ಇರುತ್ತದೆ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಅಳತೆಯದು. ಅದು ಬತ್ತಿಹೋದರೆ ಪ್ರತಿ ಸಲ ವಿದ್ಯುತ್ತು ನಿಂತಾಗಲೂ ಗಡಿಯಾರವು ಹಿಂದಕ್ಕೆ ಜಾರುತ್ತದೆ. 2009ರಲ್ಲಿ ನಿಂತು ನೋಡುವ ಯಂತ್ರಕ್ಕೆ ಇಂದಿನ ಬಿಲ್ಲೆಗಳೆಲ್ಲ ಇನ್ನೂ ಹುಟ್ಟದವು. ಪೇಟೆಯಿಂದ ಹೊಸ ಬ್ಯಾಟರಿಯನ್ನು ತರಿಸಿ, ಯಂತ್ರದ ವಿದ್ಯುತ್ ತಂತಿಯನ್ನು ಕಿತ್ತು, ಅದನ್ನು ಕೂರಿಸಿ, ತಾರೀಖನ್ನು ತಿದ್ದಿದೊಡನೆ ಬ್ಯಾಂಕಿನ ಪುಟವು ತೆರೆಯಿತು. ಗಡಿಯಾರವು ಸರಿಯಾಗಿದ್ದೂ ಒಂದೇ ಸರ್ವರಿನ ಅವಧಿ ಮುಗಿದಿದೆಯೆಂದು ಕಂಡರೆ, ಬಿಲ್ಲೆಯನ್ನು ನವೀಕರಿಸಬೇಕಾದವರು ಆ ಸರ್ವರನ್ನು ನಡೆಸುವವರು. ಅವರಿಗೆ ತಿಳಿಸಿ ಕಾಯುವುದೇ ಯುಕ್ತ.

ಆದರೆ ಇಮೇಲಿನ ತಂತ್ರಾಂಶವು ಇನ್ನೂ ಮುನಿದುಕೊಂಡೇ ಇತ್ತು. ಇಲ್ಲಿ ಎರಡನೆಯ ದೋಷ, ಎಂದರೆ ಹೆಸರಿನದು. ಮಿತ್ರರು ತಮ್ಮ ಅಂಗಡಿಯ ಹೆಸರಿನಲ್ಲಿಯೇ ಇಮೇಲ್ ವಿಳಾಸವನ್ನು ಇಟ್ಟುಕೊಂಡಿದ್ದರು. ತಂತ್ರಾಂಶದಲ್ಲಿ ಸರ್ವರಿನ ಹೆಸರೂ ಅದೇ ಎಂದು ಬರೆದಿತ್ತು. ಆದರೆ ಬಿಲ್ಲೆಯಲ್ಲಿ ಇದ್ದುದು ನೂರಾರು ಅಂಗಡಿಗಳ ಪತ್ರಗಳನ್ನು ಒಂದೇ ಸರ್ವರಿನಲ್ಲಿ ಇಟ್ಟುಕೊಳ್ಳುವ ಸೇವಾಸಂಸ್ಥೆಯ ಹೆಸರು. ಎಚ್ಚರಿಕೆಯಲ್ಲಿ ಕಂಡ ಹೆಸರನ್ನೇ ನಂಬಿ ಬರೆದುಕೊಳ್ಳಬಾರದು. ವಂಚಕನೂ ತನ್ನ ಹೆಸರನ್ನು ತೋರಿಸಬಲ್ಲನು. ಹಳೆಯ ರಸೀತಿಯಲ್ಲಿದ್ದ ದೂರವಾಣಿಯ ಸಂಖ್ಯೆಗೆ ಕರೆಮಾಡಿ, ಸರ್ವರಿನ ಸರಿಯಾದ ಹೆಸರನ್ನೂ ದ್ವಾರದ ಸಂಖ್ಯೆಯನ್ನೂ ಕೇಳಿ ತಿದ್ದಿದೆವು. ಪತ್ರಗಳನ್ನು ತರುವುದಕ್ಕೆ ಐಮ್ಯಾಪ್ ಪದ್ಧತಿಯಲ್ಲಿ 993, ಪಾಪ್ ಪದ್ಧತಿಯಲ್ಲಿ 995, ಕಳುಹಿಸುವುದಕ್ಕೆ 465 ಅಥವಾ 587 ಎಂಬುವು ಸುರಕ್ಷಿತವಾದ ರೂಢಿಯ ಸಂಖ್ಯೆಗಳು. ಮೂರು ದಿನದ ಕಾಗದಗಳು ಒಟ್ಟಿಗೆ ಬಂದು ಬಿದ್ದುವು.

ಮೂರನೆಯದು ಸಾಕ್ಷಿಯ ದೋಷ. ಬಿಲ್ಲೆಗೆ ಸಹಿ ಹಾಕಲು ಅರ್ಹರಾದವರ ಪಟ್ಟಿಯೊಂದು ಪ್ರತಿ ಯಂತ್ರದಲ್ಲಿಯೂ ಇರುತ್ತದೆ. ಈ ಪಟ್ಟಿಯು ಕಾಲಕಾಲಕ್ಕೆ ಬದಲಾಗಲೇಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಬಿಲ್ಲೆಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿಯು 2021ನೆಯ ಸೆಪ್ಟೆಂಬರ್ 30ರಂದು ಮುಗಿದಾಗ, ಹೊಸ ಪಟ್ಟಿಯನ್ನು ಪಡೆಯದ ಎಷ್ಟೋ ಹಳೆಯ ಯಂತ್ರಗಳು ನಿರ್ದೋಷಿಗಳಾದ ಸರ್ವರುಗಳನ್ನೂ ಶಂಕಿಸಿದುವು. ಇದಕ್ಕೆ ವಿರುದ್ಧವಾದ ಸಂಗತಿಯೂ ನಮ್ಮ ದೇಶದಲ್ಲಿಯೇ ನಡೆದಿದೆ. 2014ನೆಯ ಜುಲೈ ತಿಂಗಳಲ್ಲಿ, ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಸಹಿಯುಳ್ಳ ಅನಧಿಕೃತ ಬಿಲ್ಲೆಗಳು ಗೂಗಲಿನ ಹೆಸರುಗಳಿಗೆ ಹೊರಟಿರುವುದು ಬಯಲಾಯಿತು. ಆ ಸಹಿಯನ್ನು ಭಾರತದ ಪ್ರಮಾಣಪತ್ರ ನಿಯಂತ್ರಣಾಧಿಕಾರಿಗಳು ರದ್ದುಮಾಡಿದರು. ಮೈಕ್ರೋಸಾಫ್ಟ್ ತನ್ನ ಪಟ್ಟಿಯನ್ನು ತಿದ್ದಿತು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲವು ಅದೇ ವರ್ಷದ ಏಪ್ರಿಲ್ 8ರಂದೇ ನಿಂತುಹೋಗಿತ್ತು. ಹೀಗೆ ಹಳೆಯ ಯಂತ್ರವು ಸಜ್ಜನನನ್ನು ಶಂಕಿಸುವುದೂ ಉಂಟು, ಕಳ್ಳನನ್ನು ನಂಬುವುದೂ ಉಂಟು. ಯಂತ್ರಕ್ಕೂ ತಂತ್ರಾಂಶಕ್ಕೂ ಬರುವ ತಿದ್ದುಪಡಿಗಳನ್ನು ಹಾಕಿಸುವುದೇ ಇದಕ್ಕೆ ಮದ್ದು.

ಬಿಲ್ಲೆಯು ಸರಿಯಾಗಿದ್ದೂ ಮಾತುಕತೆಯ ಭಾಷೆಯೇ ಹಳೆಯದಾಗಿರುವುದು ಮತ್ತೊಂದು ತೊಡಕು. ಟಿಎಲ್‌ಎಸ್ ಎಂಬ ಗುಪ್ತಭಾಷೆಯ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚಿಯಲ್ಲಿ ವಿಧಿವತ್ತಾಗಿ ಕೈಬಿಡಲಾಯಿತು. ಎಕ್ಸ್‌ಪಿಯ ಔಟ್‌ಲುಕ್ ಎಕ್ಸ್‌ಪ್ರೆಸ್ಸಿಗೆ 1.2ನೆಯದು ಬಾರದು. ಅಲ್ಲಿ ಎಷ್ಟು ತಿದ್ದಿದರೂ ಫಲವಿಲ್ಲ. ಹೊಸ ತಂತ್ರಾಂಶಕ್ಕೆ ಹೋಗುವುದೇ ಮಾರ್ಗ. ಆದರೆ ಆತುರ ಬೇಡ. ಪಾಪ್ ಪದ್ಧತಿಯಲ್ಲಿ ಪತ್ರಗಳು ಆ ಒಂದು ಯಂತ್ರದಲ್ಲಿಯೇ ಇರುವ ಸಂಭವವುಂಟು. ಖಾತೆಯನ್ನು ಅಳಿಸಿ ಮತ್ತೆ ಹೂಡುತ್ತೇವೆಂದು ಹೊರಟು ಹತ್ತು ವರ್ಷಗಳ ಲೆಕ್ಕಪತ್ರವನ್ನು ಕಳೆದುಕೊಳ್ಳಬಾರದು. ತಂತ್ರಾಂಶವನ್ನು ಮುಚ್ಚಿ, ಪತ್ರಗಳಿರುವ ಕಡತವನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಂಡ ಬಳಿಕವೇ ಮಿಕ್ಕ ಕೆಲಸ.

ಇನ್ನು ನಮ್ಮ ತಪ್ಪಿನ ಮಾತು. ಹಲವು ವರ್ಷಗಳ ಕೆಳಗೆ, ಇಂತಹುದೇ ಎಚ್ಚರಿಕೆ ಬಂದಾಗ, ಕೆಲಸದ ಅವಸರದಲ್ಲಿ "ಈ ವಿನಾಯಿತಿಯನ್ನು ಶಾಶ್ವತವಾಗಿಡು" ಎಂಬುದಕ್ಕೆ ಗುರುತು ಹಾಕಿ ಒಪ್ಪಿಬಿಟ್ಟೆವು. ಪುಣ್ಯವಶಾತ್ ಕೇಡೇನೂ ಆಗಲಿಲ್ಲ. ಆದರೆ ಆಗಬಹುದಾಗಿದ್ದ ಕೇಡು ಸಣ್ಣದಲ್ಲ. ನಡುವೆ ಕುಳಿತ ವಂಚಕನ ಬಿಲ್ಲೆಯನ್ನು ಒಪ್ಪಿದರೆ ಗುಪ್ತಪದವು ಅವನ ಕೈಸೇರುತ್ತದೆ. ಅವನು ಸದ್ದಿಲ್ಲದೆ ಪತ್ರಗಳನ್ನೋದಿ, ಸೀರೆಯ ಹಣ ಬರಬೇಕಾದ ದಿನ, "ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ" ಎಂದು ನಮ್ಮದೇ ಹೆಸರಿನಲ್ಲಿ ವ್ಯಾಪಾರಿಗೆ ಬರೆದರೆ, ತಿಂಗಳ ದುಡಿಮೆಯು ಒಂದು ಗಳಿಗೆಯಲ್ಲಿ ಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗೆ ಒಪ್ಪಿದವರು ಥಂಡರ್‌ಬರ್ಡಿನ ಸೆಟ್ಟಿಂಗುಗಳಲ್ಲಿ ಪ್ರಮಾಣಪತ್ರಗಳ ಭಾಗವನ್ನು ತೆರೆದು, ಸರ್ವರುಗಳ ಪಟ್ಟಿಯಿಂದ ಆ ವಿನಾಯಿತಿಯನ್ನು ಅಳಿಸಿ, ಗುಪ್ತಪದವನ್ನು ಬದಲಾಯಿಸುವುದು ಲೇಸು.

ಈ ಬಿಲ್ಲೆಗಳ ಅವಧಿಯೂ ಕುಗ್ಗುತ್ತಿದೆ. 2020ರಿಂದ ಗರಿಷ್ಠ 398 ದಿನಗಳಾಗಿದ್ದುದು 2029ರ ಮಾರ್ಚಿ ವೇಳೆಗೆ ಹಂತಹಂತವಾಗಿ 47 ದಿನಗಳಿಗೆ ಇಳಿಯತಕ್ಕದ್ದೆಂದು 2025ರ ಏಪ್ರಿಲಿನಲ್ಲಿ ನಿರ್ಣಯವಾಯಿತು. ಸರ್ವರು ನಡೆಸುವವರು ಮೈಮರೆತರೆ ಇಂತಹ ಎಚ್ಚರಿಕೆಗಳು ಹೆಚ್ಚುವ ಸಂಭವವುಂಟು.

ನಾವು ಹೊರಟು ನಿಂತಾಗ ಮಿತ್ರರು ಮಗನನ್ನು ಕರೆದು, "ಎಳೆ ಕಡಿದರೆ ಮಗ್ಗ ನಿಲ್ಲಿಸಿ ಯಾವ ಎಳೆಯೆಂದು ನೋಡುತ್ತೀಯಷ್ಟೆ? ಇಲ್ಲಿಯೂ ಹಾಗೆಯೇ ನೋಡು" ಎಂದರು. ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ತಾರೀಖು, ಹೆಸರು, ಸಾಕ್ಷಿ: ಈ ಮೂರನ್ನು ಕ್ರಮವಾಗಿ ನೋಡುವುದಕ್ಕೆ ಹಿಡಿಯುವ ಕಾಲು ಗಂಟೆಯು ವ್ಯರ್ಥವಾಗದೆಂದು ನಮ್ಮ ನಂಬಿಕೆ.