ವೆಂಟಿಲೇಟರ್ ಗಾಳಿ ಕೊಡೋದಷ್ಟೇ ಅಲ್ಲ, ಶ್ವಾಸಕೋಶವನ್ನು ಅಳೆಯುತ್ತೆ ಕೂಡ

ವೆಂಟಿಲೇಟರ್ ಅಂದ ಕೂಡಲೇ ನಮಗೆ ನೆನಪಾಗೋದು ಗಾಳಿ ಒಳಗೆ ತಳ್ಳೋ ಒಂದು ಮಷೀನು. ಆದರೆ ಅದರೊಳಗಿನ ಕಂಪ್ಯೂಟರ್ ಪ್ರತಿ ಉಸಿರಿನಲ್ಲೂ ಶ್ವಾಸಕೋಶ ಎಷ್ಟು ಬಿಗಿಯಾಗಿದೆ ಅಂತ ಲೆಕ್ಕ ಹಾಕಬಲ್ಲದು. ಆ ಲೆಕ್ಕ ಯಾಕೆ ಬೇಕು? ಇವತ್ತು ಅದನ್ನೇ ನೋಡೋಣ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತ್ತು. ಉಸಿರಾಡೋ ಶಕ್ತಿಯೇ ಇಲ್ಲದ ರೋಗಿಗಳಿಗೆ, ವೈದ್ಯ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ, ಕುತ್ತಿಗೆಯ ಬಳಿ ಕೊಳವೆ ಹಾಕಿ ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರು. ಹಗಲೂ ರಾತ್ರಿ ಪಾಳಿಯಲ್ಲಿ ಚೀಲ ಒತ್ತಿದವರು ಮೆಡಿಕಲ್ ವಿದ್ಯಾರ್ಥಿಗಳು. ಹೀಗೆ ಒತ್ತುವಾಗ ಎದೆಯಲ್ಲಿ ಕಫ ಕಟ್ಟಿದ್ದರೆ ಚೀಲ ಬಿಗಿಯಾಗುತ್ತೆ, ಅದು ಕೈಗೇ ಗೊತ್ತಾಗುತ್ತೆ. ಈಗ ಆ ಕೈಯ ಕೆಲಸವನ್ನು ಸೆನ್ಸರ್‌ಗಳು ಮಾಡುತ್ತವೆ. ಒಂದು ಗಾಳಿಯ ಒತ್ತಡ ಅಳೆಯುತ್ತೆ, ಇನ್ನೊಂದು ಹರಿವಿನ ವೇಗ ಅಳೆಯುತ್ತೆ.

ಒಂದು ಉದಾಹರಣೆ ತಗೊಳ್ಳೋಣ. ಮಷೀನು 400 ಮಿಲಿಲೀಟರ್ ಗಾಳಿ ಕೊಟ್ಟಿತು, ಒತ್ತಡ 35ಕ್ಕೆ ಏರಿತು. ಈ ಒತ್ತಡವನ್ನು ಲೆಕ್ಕ ಹಾಕೋದು ನೀರಿನ ಎತ್ತರದ ಸೆಂಟಿಮೀಟರ್‌ನಲ್ಲಿ. ಈಗ ಗಾಳಿಯನ್ನು ಅರೆಕ್ಷಣ ಒಳಗೇ ತಡೆದು ಹಿಡಿದರೆ ಒತ್ತಡ 25ಕ್ಕೆ ಇಳಿಯುತ್ತೆ. ಕಡಿಮೆಯಾದ ಆ 10, ಗಾಳಿಯನ್ನು ಕೊಳವೆ ದಾಟಿಸೋಕೆ ಖರ್ಚಾದದ್ದು. ಇದು ಹೆಚ್ಚುತ್ತಾ ಹೋದರೆ ಟ್ಯೂಬು ಮಡಚಿದೆಯಾ, ಕಫ ಅಡ್ಡ ಬಂದಿದೆಯಾ, ಆಸ್ತಮಾನಾ ಅಂತ ನೋಡಬೇಕು.

ಉಳಿದ 25ರಲ್ಲಿ, ಉಸಿರು ಬಿಟ್ಟ ಮೇಲೂ ಮಷೀನು ಉಳಿಸಿಕೊಳ್ಳೋ 5 ಕಳೆಯಿರಿ. ಸಿಗೋದು 20. ಅಂದ್ರೆ 400 ಭಾಗಿಸು 20, ಪ್ರತಿ ಸೆಂಟಿಮೀಟರ್ ಒತ್ತಡಕ್ಕೆ ಬರೀ 20 ಮಿಲಿಲೀಟರ್ ಗಾಳಿ. ಇದಕ್ಕೆ ಕಂಪ್ಲಯನ್ಸ್ ಅಂತಾರೆ. ಆರೋಗ್ಯವಂತ ಶ್ವಾಸಕೋಶದಲ್ಲಿ ಇದು ಸಾಮಾನ್ಯವಾಗಿ 50ಕ್ಕಿಂತ ಹೆಚ್ಚಿರುತ್ತೆ. ಹೊಸ ಬಲೂನು ಊದುವಾಗ ಕೆನ್ನೆ ನೋಯುತ್ತಲ್ಲ, ಈ ಶ್ವಾಸಕೋಶವೂ ಹಾಗೇ ಬಿಗಿಯಾಗಿದೆ.

ಬಿಗಿಯಾಗಿದ್ದರೆ ಜೋರಾಗಿ ತಳ್ಳಿದರಾಯ್ತಲ್ಲ ಅಂತೀರಾ? ಅಲ್ಲೇ ಅಪಾಯ ಇರೋದು. ಕಾಯಿಲೆಯಿಂದ ಒಂದಷ್ಟು ಭಾಗ ಮುಚ್ಚಿಹೋಗಿರುತ್ತೆ, ಬಂದ ಗಾಳಿಯೆಲ್ಲ ಉಳಿದ ಒಳ್ಳೆಯ ಭಾಗಕ್ಕೇ ನುಗ್ಗಿ ಅದನ್ನೂ ಗಾಯ ಮಾಡುತ್ತೆ. ಎಆರ್‌ಡಿಎಸ್ ಅನ್ನೋ ತೀವ್ರ ಶ್ವಾಸಕೋಶ ಕಾಯಿಲೆಯ 861 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಕಿಲೋಗೆ 12 ಮಿಲಿಲೀಟರ್ ಲೆಕ್ಕದಲ್ಲಿ ಗಾಳಿ ಕೊಟ್ಟವರಲ್ಲಿ ಶೇ. 39.8 ಮಂದಿ ತೀರಿಕೊಂಡರೆ, ಕಿಲೋಗೆ 6ರಂತೆ ಕೊಟ್ಟವರಲ್ಲಿ ಶೇ. 31. ಕಡಿಮೆ ಗಾಳಿಯೇ ಹೆಚ್ಚು ಜೀವ ಉಳಿಸಿತ್ತು! ಇಲ್ಲಿ ಕಿಲೋ ಅಂದ್ರೆ ತಕ್ಕಡಿಯ ತೂಕ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗಲ್ಲ ನೋಡಿ.

ಈಗಿನ ಸಾಫ್ಟ್‌ವೇರ್ ಕೆಲವು ಮಷೀನುಗಳಲ್ಲಿ ಗಾಳಿ ತಡೆಯದೆಯೇ, ಪ್ರತಿ ಉಸಿರಿನ ಗ್ರಾಫಿನಿಂದ ಈ ಲೆಕ್ಕ ತೆಗೆಯುತ್ತೆ. ಆದರೆ ರೋಗಿ ತಾನೇ ಉಸಿರು ಎಳೆಯೋಕೆ ಶುರು ಮಾಡಿದರೆ ಆ ಎಳೆತ ಮಷೀನಿಗೆ ನೇರವಾಗಿ ಕಾಣಲ್ಲ, ಅಂಕಿ ತಪ್ಪಬಹುದು. ಅದಕ್ಕೇ ಪರದೆ ನೋಡೋ ವೈದ್ಯರು ಎದೆಯ ಏರಿಳಿತವನ್ನೂ ನೋಡಲೇಬೇಕು.

ನಿಮ್ಮವರು ಯಾರಾದರೂ ಐಸಿಯುನಲ್ಲಿದ್ದರೆ, ಪರದೆಯ ಒಂದೊಂದು ಅಂಕಿಗೂ ಗಾಬರಿಯಾಗಬೇಡಿ. "ಡಾಕ್ಟ್ರೇ, ನಿನ್ನೆಗಿಂತ ಶ್ವಾಸಕೋಶದ ಬಿಗಿ ಕಡಿಮೆಯಾಗಿದೆಯಾ?" ಅಂತ ಕೇಳಿ. ಇದಕ್ಕೆ ಉತ್ತರ ಅವರ ಹತ್ತಿರ ಇರುತ್ತೆ.